ತೊಳೆದ ಕಾಲಿನವರ ಸಭೆ

ಸೋಪಿನ ವಾಸನೆ, ಇಷ್ಟೊಂದು ಸೋಪಿನ ವಾಸನೆ ಎಲ್ಲಿಂದ, ಮುಂದಿನ ಬೆಂಚಿನಿಂದ, ಹಿಂದಿನ ಬೆಂಚಿನಿಂದ, ಪಾಲಿಶ್ ಹೊಡೆದ ಶೂಗಳ ಸಂದಿಯಿಂದ — ಓಹೋ, ಎಲ್ಲರೂ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿದ್ದಾರೆ, ಹಿಮ್ಮಡಿ ಉಜ್ಜಿ, ಹೊಸ ಕಾಲುಚೀಲ ಏರಿಸಿ, ಕಾಲು ತೊಳೆಸಿಕೊಳ್ಳುವುದಕ್ಕೆ ಬಂದಿದ್ದಾರೆ, ವರ್ಲಿನ್ ಮೂಗಿನಲ್ಲೇ ನಕ್ಕ. ಕರ್ತನು ಶಿಷ್ಯರ ಕಾಲು ತೊಳೆದನಂತೆ, ಅದಕ್ಕೇ ಈ ಕಣಿವೆಯ ಹಳೇ ಬ್ಯಾಪ್ಟಿಸ್ಟರು ಜೂನ್ ತಿಂಗಳ ಒಂದು ಭಾನುವಾರ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ, ಗಂಡಸರದು ಗಂಡಸರು, ಹೆಂಗಸರದು ಹೆಂಗಸರು, ತೊಳೆಯಲಿ ಬಿಡಿ, ಆದರೆ ಆ ಶಿಷ್ಯರೇನು ಮನೆಯಲ್ಲಿ ತಿಕ್ಕಿಕೊಂಡು ಬಂದಿದ್ದರೇ, ಸಗಣಿ ತುಳಿದು ಬಂದ ಬೆಸ್ತರು ಅವರು, ಇವರ ದೀನತೆಗೆ ಮಾತ್ರ ಮೊದಲೇ ಸೋಪು ಬೇಕು. ಓಪಲ್ ಕೂಡ ಬೆಳಿಗ್ಗೆ ಮಂಚದ ಮೇಲೆ ಬಿಳೀ ಕಾಲುಚೀಲ ಮಡಚಿಟ್ಟಿದ್ದಳು, ಒಲೆಯ ಮೇಲೆ ಬಿಸಿನೀರು, ವರ್ಲಿನ್, ಇವತ್ತೊಂದಿನ ಆ ಬೂಟು ಬಿಚ್ಚು ಅಂದಳು, ಮದುವೆಯಾದ ಹೆಂಡತಿ ಬೇಡುವ ದನಿಯೇ ಅದು, ಅವನು ಕಾಲುಚೀಲ ಮುಟ್ಟಲಿಲ್ಲ. ಒಂಬತ್ತು ದಿನದಿಂದ ಅದೇ ಕಾಲುಚೀಲ, ಅದೇ ಬೂಟು, ಒಳಗೆ ಬೆವರು ಹುಳಿಯಾಗಿ ಮಾಂಸಕ್ಕೆ ಅಂಟಿದೆ, ಅವನಿಗೇ ವಾಸನೆ ಹೊಡೆಯುತ್ತಿದೆ, ಹೊಡೆಯಲಿ, ಅದಕ್ಕಾಗಿಯೇ ಉಳಿಸಿಟ್ಟದ್ದು, ಪಕ್ಕದಲ್ಲಿ ಕೂತ ಈ ಮುದುಕನ ಮೂಗಿಗೆ ಅಂತಲೇ ಒಂಬತ್ತು ದಿನ ಹದ ಮಾಡಿದ್ದು. ಆಚೆ ಹೆಂಗಸರ ಸಾಲಿನಲ್ಲಿ ಓಪಲ್ ಅವನನ್ನೇ ನೋಡುತ್ತಿದ್ದಳು.

ಪಕ್ಕದಲ್ಲಿರುವುದು ಆರ್ಬಿನ್ ಕಾಡಿಲ್. ಸಭೆಯ ಹಿರಿಯ, ನಲವತ್ತು ವರ್ಷದಿಂದ ಡೀಕನ್, ಜೊತೆಗೆ ಕೌಂಟಿಯ ಬೋರ್ಡಿನಲ್ಲೂ ಕುರ್ಚಿ, ಯಾರ ಮಗ ಸೈನ್ಯಕ್ಕೆ, ಯಾರ ಮಗ ಮನೆಯಲ್ಲಿ ಅಂತ ಹೆಸರು ಆರಿಸುವ ಐದು ಜನರಲ್ಲಿ ಒಬ್ಬ. ಆ ತಿಂಗಳು ಕಣಿವೆಯಿಂದ ಮೂರು ಹೆಸರು ಬೇಕಿತ್ತು — ವರ್ಲಿನ್, ಅವನ ಗೆಳೆಯ ಎಸ್ಟಿಲ್, ಮೂರನೆಯದು ಆರ್ಬಿನ್‌ನ ಮಗ ಫೆರಲ್ ಆಗಬೇಕಿತ್ತು, ಆದರೆ ಫೆರಲ್‌ಗೆ ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸದೆ ಹೋಯಿತು, ಡಾಕ್ಟರ ಚೀಟಿ ಬಂತು, ಅಳಿಲು ಕೊಂಬೆಯಿಂದ ಕೊಂಬೆಗೆ ಹಾರಿದರೆ ಸದ್ದು ಹಿಡಿದು ಗುಂಡು ಹೊಡೆಯುತ್ತಿದ್ದ ಕಿವಿ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ, ನೋಡಿದ್ದಾಯಿತಲ್ಲ, ಎಸ್ಟಿಲ್‌ನನ್ನು ಪೆಟ್ಟಿಗೆಯಲ್ಲಿ ಕಳಿಸಿದರು, ಗುಂಡಿಗೆ ಇಳಿಸುವಾಗ ಹಗ್ಗ ಹಿಡಿದವನೂ ಇದೇ ಆರ್ಬಿನ್ ಅಂತೆ, ಅತ್ತನಂತೆ ಬೇರೆ, ಓಪಲ್ ಕಾಗದದಲ್ಲಿ ಬರೆದಿದ್ದಳು, ವಿಯೆಟ್ನಾಮಿನ ಕೆಸರಿನಲ್ಲಿ ಕೂತು ಅದನ್ನು ಓದಿ ವರ್ಲಿನ್ ಉಗಿದಿದ್ದ. ಈಗ ನೋಡು, ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಾನೆ, ಬೆಕ್ಕು ಹಾಲು ಕುಡಿಯುವಾಗ ಹೀಗೇ. ನಿನ್ನೆ ಶನಿವಾರದ ಕೂಟದಲ್ಲಿ ಸಭಾಪಾಲಕ ಹೋಬರ್ಟ್ ವಾಡಿಕೆಯಂತೆ ಮೂರು ಸಲ ಕೇಳಿದ, ಯಾರಿಗಾದರೂ ಯಾರ ಮೇಲಾದರೂ ಮನಸ್ಸಲ್ಲಿ ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ, ನಾಳೆ ನೀರಿನ ಹತ್ತಿರ ತರಬೇಡಿ, ಒಂದು ಸಲ, ಎರಡು ಸಲ, ಮೂರು ಸಲ, ವರ್ಲಿನ್ ಬಾಯಿ ಬಿಗಿದು ಕೂತ. ಹೇಳಿಬಿಟ್ಟರೆ ಮುಗಿಯಿತಲ್ಲ, ಇಬ್ಬರನ್ನೂ ಕೋಣೆಗೆ ಕರೆದು, ಬೆನ್ನು ತಟ್ಟಿ, ಕೈಕುಲುಕಿಸಿ, ಕಾಫಿ ಕುಡಿಸಿ ಕಳಿಸುತ್ತಾರೆ. ಅದು ಬೇಡ. ಇಂದು ಮುದುಕ ಪಕ್ಕದಲ್ಲಿ ಕೂತ ಇವನ ಕಾಲು ತೊಳೆಯುತ್ತಾನೆ, ಆಮೇಲೆ ಸೊಂಟದ ಟವೆಲ್ಲು ಬಿಚ್ಚಿ ಇವನ ಕೈಗೆ ಕೊಡಬೇಕು, ತೊಳೆಸಿಕೊಂಡವನು ತೊಳೆದವನ ಕಾಲು ತೊಳೆಯಲೇಬೇಕು, ಟವೆಲ್ಲು ನೆಲಕ್ಕೆ ಬಿಟ್ಟರೆ ಹಾಡು ನಿಲ್ಲುತ್ತದೆ, ಎಲ್ಲರೆದುರು ಕಾರಣ ಕೇಳುತ್ತಾರೆ. ಅಜ್ಜನ ಕಾಲದಲ್ಲಿ ಒಮ್ಮೆ ಹಾಗಾಗಿತ್ತಂತೆ, ಬೇಲಿ ಸರಿಸಿ ಜಮೀನು ಒತ್ತಿದ ಅಣ್ಣನ ಕಾಲನ್ನು ತಮ್ಮನೇ ತೊಳೆಯಲಿಲ್ಲ, ಅಣ್ಣ ಬರಿಗಾಲಲ್ಲಿ ಕೂತೇ ಇದ್ದನಂತೆ, ಮುಂದಿನ ಚಳಿಗಾಲದೊಳಗೆ ಮನೆ ಮಾರಿ ಕೆಂಟಕಿ ರಾಜ್ಯವನ್ನೇ ಬಿಟ್ಟು ಹೋದ. ಆರ್ಬಿನ್ ಎಲ್ಲಿಗೆ ಹೋಗುತ್ತಾನೋ ಹೋಗಲಿ, ವರ್ಲಿನ್‌ಗೆ ಬೇಕಾದದ್ದು ಅವನು ಬರಿಗಾಲಲ್ಲಿ ಕೂತಿರುವುದನ್ನು ನೋಡುವುದಷ್ಟೇ.

ಹೋಬರ್ಟ್ ಒಂದು ಸಾಲು ಎಳೆದು ಹಾಡುತ್ತಾನೆ, ಸಭೆ ಅದನ್ನೇ ಇನ್ನೂ ಎಳೆದು ಹಾಡುತ್ತದೆ, ವಾದ್ಯ ಇಲ್ಲ, ತಾಳ ಇಲ್ಲ, ಹಸು ಈಯುವಾಗ ಕೂಗಿದ ಹಾಗೆ, ಇದನ್ನು ಕೇಳಿ ದೇವರು ಇಳಿದು ಬರುತ್ತಾನಂತೆ, ಬರುವವನಾಗಿದ್ದರೆ ವಿಯೆಟ್ನಾಮಿನಲ್ಲೇ ಬರುತ್ತಿದ್ದ, ಎಸ್ಟಿಲ್ ಅಲ್ಲಿ ಇದೇ ಹಾಡು ಗುನುಗುತ್ತಿದ್ದ, ಅವನ ಗಂಟಲೂ ಹೀಗೇ ಇತ್ತು. ಇಬ್ಬರಿಗೂ ಒಂದೇ ದಿನ ದೀಕ್ಷಾಸ್ನಾನ, ಹದಿನಾರು ವರ್ಷ, ಏಪ್ರಿಲ್ ತಿಂಗಳ ಹೊಳೆ, ನೀರು ಕಚ್ಚುತ್ತಿತ್ತು, ಮೇಲೆದ್ದ ಎಸ್ಟಿಲ್ ಹಲ್ಲು ಕಟಕಟಿಸುತ್ತ ಅಂದ, ಪಾಪ ಹೋಯ್ತೋ ಇಲ್ವೋ ಗೊತ್ತಿಲ್ಲ ಕಣೋ, ನೆಗಡಿ ಮಾತ್ರ ಬಂತು. ಊರಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ, ಪ್ರಾರ್ಥನೆ ಮಾಡು ಮಗ, ನಿದ್ದೆ ಬರದಿದ್ದರೆ ಪ್ರಾರ್ಥನೆ, ಕೈ ನಡುಗಿದರೆ ಪ್ರಾರ್ಥನೆ, ಆಸ್ಪತ್ರೆಯ ಡಾಕ್ಟರ ಬಾಯಲ್ಲಿ ಮಾತ್ರೆ, ನೀಲಿಯದು ಬೆಳಿಗ್ಗೆ, ಬಿಳಿಯದು ಸಂಜೆ, ಬೂಟು ಹಾಕಿಕೊಂಡೇ ಮಲಗ್ತೀರಂತೆ ಯಾಕೆ ಅಂತ ಕೇಳಿ ಉತ್ತರಕ್ಕೆ ಮುಂಚೆಯೇ ಬರೆದುಕೊಂಡ, ಪೆನ್ನು ಮಾತ್ರ ಚೆನ್ನಾಗಿತ್ತು. ಯಾಕೆ ಅಂದರೆ — ಬೇಡ. ಊರಿಗೆ ಬಂದು ಹದಿನಾಲ್ಕು ತಿಂಗಳು, ಹೆಂಡತಿಯ ಹಾಸಿಗೆಗೂ ಬೂಟು, ಅವಳು ಒಂದು ಮಾತೂ ಆಡದೆ ಕಾಲಿನ ಕಡೆಗೆ ಹಳೇ ಕೌದಿ ಹಾಸಿದಳು, ಕೆಸರು ಹಿಡಿಯಲಿ ಅಂತ. ಅಲ್ಲಿ ಮಳೆ ನಾಲ್ಕು ದಿನ ನಿಂತಿರಲಿಲ್ಲ, ಎಸ್ಟಿಲ್‌ನ ಕಾಲು ಬೂಟಿನೊಳಗೆ ಕೊಳೆಯುತ್ತಿತ್ತು, ಬಿಚ್ಚೋ, ಒಣಗಿಸ್ಕೋ, ಇಲ್ಲಾಂದ್ರೆ ಕತ್ತರಿಸ್ತಾರೆ ಅಂದವನು ಯಾರು, ಈಗ ಬೇಡ ಕಣೋ ಅಂದ ಎಸ್ಟಿಲ್, ಬಿಚ್ಚು ಅಂದೆನಲ್ಲ, ಹೆಂಗಸಿನ ಹಾಗೆ ಆಡಬೇಡ ಅಂದವನು ಯಾರು, ಬಿಚ್ಚಿ ಎರಡು ನಿಮಿಷ ಆಗಿರಲಿಲ್ಲ, ಗುಂಡು ಬೀಳತೊಡಗಿತು, ಎಲ್ಲರೂ ಓಡಿದರು, ಬರಿಗಾಲಿನವನು ಓಡಲಾರದೆ ಹಿಂದುಳಿದ. ಆರ್ಬಿನ್ ಹೆಸರು ಬರೆದ, ಸರಿ, ಬರೆದವನ ಪಾಪ ಬರೆದವನಿಗೆ, ಬಿಚ್ಚಿಸಿದವನದು ಯಾರಿಗೆ, ಇದನ್ನು ಓಪಲ್‌ಗೂ ಹೇಳಿಲ್ಲ, ಎಸ್ಟಿಲ್‌ನ ತಾಯಿ ಕೈ ಹಿಡಿದು ಕೇಳಿದಾಗಲೂ ಹೇಳಿಲ್ಲ, ಮಲಗಿದ್ದಾಗಲೇ ಹೋದ ಅಮ್ಮ, ಗೊತ್ತೇ ಆಗಲಿಲ್ಲ ಅವನಿಗೆ ಅಂದುಬಿಟ್ಟ, ಹೇಡಿ, ಸುಳ್ಳುಬುರುಕ. ಆಕೆ ಅವನ ಕೈಗೆ ಮುತ್ತು ಕೊಟ್ಟು ಹೋಗಿದ್ದಳು.

ನೀರು ಬಂತು. ಎನಾಮಲ್ ಬೋಗುಣಿ ನೆಲಕ್ಕೆ ತಾಗಿ ಸದ್ದಾಯಿತು, ಆರ್ಬಿನ್ ಎದ್ದ, ಕೋಟು ಬಿಚ್ಚಿದ, ಉದ್ದನೆಯ ಟವೆಲ್ಲು ಸೊಂಟಕ್ಕೆ ಸುತ್ತಿದ, ಬೆಂಚು ಹಿಡಿದು ಒಂದು ಮಂಡಿ ಊರಿದ, ಇನ್ನೊಂದು ಊರುವಾಗ ಅವನ ಬಾಯಿಂದ ಒಂದು ನರಳಿಕೆ ಬಂತು, ನರಳು, ನರಳು, ಚೆನ್ನಾಗಿ ನರಳು. ಬೂಟಿನ ದಾರ ಕೆಸರಿಗೆ ಒಣಗಿ ಗಂಟಾಗಿತ್ತು, ಗಣಿಯಲ್ಲಿ ಸವೆದ ಬೆರಳುಗಳು, ಹಿಡಿತವಿಲ್ಲ, ಗಂಟು ಬಿಡದು, ವರ್ಲಿನ್ ಸಹಾಯ ಮಾಡಲಿಲ್ಲ, ಕೈ ಕಟ್ಟಿ ಕೂತು ನೆತ್ತಿ ನೋಡಿದ. ಬೂಟು ಕಳಚಿತು. ವಾಸನೆ ಎದ್ದು ಬಂತು, ಅಬ್ಬಾ, ಇವನಿಗೇ ವಾಕರಿಕೆ, ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು, ಸೋಪಿನ ಜನಕ್ಕೆಲ್ಲ ತಲುಪಿತು, ಈಗ ಮುಖ ತಿರುಗಿಸುತ್ತಾನೆ, ಈಗ, ಈಗ — ತಿರುಗಿಸಲಿಲ್ಲ. ಕಾಲುಚೀಲ ಚರ್ಮಕ್ಕೆ ಅಂಟಿತ್ತು, ಎಳೆಯದೆ ಅಂಗೈಯಲ್ಲಿ ನೀರೆತ್ತಿ ಅದರ ಮೇಲೇ ಹಾಕಿದ, ನೆನೆಯುವ ತನಕ ಕಾದ, ಆಮೇಲೆ ಹಸಿ ಹುಣ್ಣಿನ ಪಟ್ಟಿ ಬಿಚ್ಚುವ ಹಾಗೆ ಇಷ್ಟಿಷ್ಟೇ ಸುರುಳಿ ಸುತ್ತಿ ತೆಗೆದ. ಬಿಸಿ ಹೆಚ್ಚಾಯ್ತಾ ಅಂದ, ಅಷ್ಟೇ. ಬೇರೆಯವರದು ನೀರು ಮುಟ್ಟಿಸಿ ಒರೆಸುವ ಶಾಸ್ತ್ರ, ಆಗಲೇ ಮುಗಿಸಿ ಅಪ್ಪಿಕೊಂಡು ಅಳುತ್ತಿದ್ದಾರೆ, ಆರ್ಬಿನ್ ಬೆರಳ ಸಂದಿಗೆ ಬೆರಳು ಹಾಕಿ ಕೊಳೆ ತೆಗೆಯುತ್ತಿದ್ದಾನೆ, ಒಂದೊಂದೇ ಸಂದಿ. ಹಾಡು ಮುಗಿಯಿತು, ಹೋಬರ್ಟ್ ಈ ಕಡೆ ಒಮ್ಮೆ ನೋಡಿ ಇನ್ನೊಂದು ಹಾಡು ಎತ್ತಿದ.

ಆ ಹಾಡಿನ ಅಡಿಯಲ್ಲಿ ಆರ್ಬಿನ್ ತಲೆ ಎತ್ತದೆ ಮಾತಾಡಿದ, ಫೆರಲ್ ಕಿವಿಗೆ ಏನೂ ಆಗಿರ್ಲಿಲ್ಲ, ನಿಂಗೊತ್ತಿರಬೇಕು. ಗೊತ್ತು ಅಂದ ವರ್ಲಿನ್. ಚೀಟಿ ನಾನೇ ಬರೆಸ್ದೆ, ಅವನ ಹೆಸ್ರು ಬಿಟ್ಟು ನಿನ್ನದೂ ಎಸ್ಟಿಲ್‌ದೂ ನನ್ನ ಕೈಯಲ್ಲೇ ಬರ್ದೆ, ನಿನ್ನೆ ಹೋಬರ್ಟ್ ಕೇಳ್ದಾಗ ನೀನು ಸುಮ್ನೆ ಕೂತಿದ್ದು ನೋಡ್ದೆ, ಟವೆಲ್ಲು ಈಗ ನಿನ್ನ ಕೈಗೆ ಬರುತ್ತೆ, ಏನು ಮಾಡ್ಬೇಕು ಅಂತ ಬಂದಿದೀಯೋ ಮಾಡು, ನಾ ಕೂತಿರ್ತೀನಿ. ಹಾಳಾದ ಮುದುಕ. ಅದನ್ನೂ ಕಿತ್ತುಕೊಂಡ. ಒಂಬತ್ತು ದಿನದ ಕೊಳೆ, ಒಂದು ವರ್ಷದ ಲೆಕ್ಕಾಚಾರ, ಮಾಡು ಅಂದುಬಿಟ್ಟರೆ ಯಾವ ಸೇಡು ಅದು, ಒಪ್ಪಿಕೊಂಡವನ ಮುಖಕ್ಕೆ ಉಗಿದರೆ ಉಗಿದವನಿಗೇ ನಾಚಿಕೆ, ಇದೂ ಒಂದು ಉಪಾಯವೇ ಇರಬೇಕು, ಬೋರ್ಡಿನಲ್ಲಿ ಕೂತು ಕಲಿತ ಉಪಾಯ, ಅಲ್ಲ, ಉಪಾಯ ಮಾಡುವವನು ಇನ್ನೂ ಬೆರಳ ಸಂದಿ ಉಜ್ಜುತ್ತ ಕೂರುತ್ತಿರಲಿಲ್ಲ. ಬೋಗುಣಿಯ ಮೇಲೆ ಆಡಿದ ಮಾತು ಬೋಗುಣಿಯ ನೀರಿನ ಜೊತೆಗೇ ಹೋಗಬೇಕು, ಹೊರಗೆ ಹೇಳುವ ಹಾಗಿಲ್ಲ, ಅದೊಂದು ಕಟ್ಟಳೆ ಈ ಕಣಿವೆಯಲ್ಲಿ ಯಾರೂ ಮುರಿದದ್ದಿಲ್ಲ, ಕುಡುಕರೂ ಮುರಿದದ್ದಿಲ್ಲ. ಎಸ್ಟಿಲ್‌ಗೆ ಬೂಟು ಬಿಚ್ಚು ಅಂತ ನಾನೇ ಹೇಳಿದ್ದು — ಯಾರ ದನಿ ಇದು, ತನ್ನದೇ — ಅವನು ಬೇಡ ಅಂದ, ನಾನು ಬಿಡ್ಲಿಲ್ಲ, ಬಿಚ್ಚಿಸಿದೆ, ಅದಕ್ಕೇ ಓಡಕ್ಕಾಗ್ಲಿಲ್ಲ. ಹೇಳಿಬಿಟ್ಟಿದ್ದ. ಈಗ ಮುದುಕ ಬಾಯಿಬಿಡುತ್ತಾನೆ, ಕರ್ತನು ಕ್ಷಮಿಸುತ್ತಾನೆ ಮಗ ಅನ್ನುತ್ತಾನೆ, ಅಂದರೆ ಬೋಗುಣಿ ಒದೆಯುವುದೇ ಸರಿ, ನಿನ್ನ ತಪ್ಪಲ್ಲ ಅಂದರೂ ಒದೆಯುವುದೇ, ಕಾಲು ಬಿಗಿಯಾಯಿತು. ಆರ್ಬಿನ್ ತೊಳೆದ ಪಾದವನ್ನು ಟವೆಲ್ಲಿನಲ್ಲಿ ಒತ್ತಿ ಒತ್ತಿ ಒರೆಸಿದ. ಆ ಕಾಲು ಕೊಡು ಅಂದ.

ಕೊಟ್ಟ. ಅದನ್ನೂ ತೊಳೆದದ್ದಾಯಿತು, ಬೋಗುಣಿಯ ನೀರು ಗಣಿಯ ಚರಂಡಿಯ ಬಣ್ಣವಾಯಿತು, ಬೇರೆ ನೀರು ತಂದಿಟ್ಟರು. ಎರಡೂ ಕಾಲು ಬರಿಯವು, ಹಲಗೆಯ ಮೇಲೆ, ಬಾಗಿಲ ಗಾಳಿ ತಾಗುತ್ತಿದೆ, ಓಡಬೇಕಾಗಿ ಬಂದರೆ, ಬಂದರೆ ಏನು, ಬಾಗಿಲ ಹತ್ತಿರ ಒಂದು ನಾಯಿ ಮಲಗಿದೆಯಷ್ಟೇ. ಟವೆಲ್ಲು ಕೈಗೆ ಬಂತು, ಒದ್ದೆ, ಭಾರ, ಬೆರಳು ಸಡಿಲಿಸಿದರೆ ಸಾಕು, ಹೋಬರ್ಟ್ ನೋಡುತ್ತಿದ್ದಾನೆ, ಓಪಲ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ, ಸಡಿಲಿಸು, ಸಡಿಲಿಸೋ ಮೂರ್ಖ, ಇದಕ್ಕೇ ಅಲ್ಲವೇ ಬಂದದ್ದು. ಆರ್ಬಿನ್ ಬೆಂಚಿನಲ್ಲಿ ಕೂತು ಶೂ ಕಡೆ ಬಗ್ಗಲು ನೋಡಿದ, ಅರ್ಧಕ್ಕೇ ನಿಂತ, ಮತ್ತೆ ನೋಡಿದ, ಕೈ ಮೊಣಕಾಲು ದಾಟಲಿಲ್ಲ, ಒಂದು ಶೂವಿನ ಹಿಮ್ಮಡಿಯನ್ನು ಇನ್ನೊಂದರಿಂದ ಮೆಟ್ಟಿ ಕಳಚಿದ, ಕಾಲುಚೀಲವಿರಲಿಲ್ಲ, ಕಾಲು ಹೊರಗೆ ಬಂತು, ಸೋಪಿನ ವಾಸನೆ ಇಲ್ಲ, ಕಣಕಾಲಿಗೆ ತಿಂಗಳುಗಟ್ಟಲೆಯ ಕೊಳೆಯ ಕಪ್ಪು ಬಳೆ, ಹೆಬ್ಬೆರಳ ಉಗುರು ಹಳದಿಯಾಗಿ, ಟಗರಿನ ಕೊಂಬಿನ ಹಾಗೆ ದಪ್ಪವಾಗಿ, ಬೆಳೆದು, ತಿರುಗಿ, ಪಕ್ಕದ ಬೆರಳಿನ ಮಾಂಸದೊಳಗೆ ಇಳಿದಿತ್ತು. ನನ್ನ ಹೆಂಡ್ತಿ ಲೂಲಾ ಇದ್ದಾಗ ಅವಳೇ ಕತ್ತರಿಸೋಳು ಅಂದ ಆರ್ಬಿನ್, ಮಾರ್ಚ್‌ನಲ್ಲಿ ಮಣ್ಣು ಮಾಡಿದ್ವಲ್ಲ, ಆಮೇಲೆ ಯಾರಿಗೆ ಹೇಳೋದು, ಫೆರಲ್ ನನ್ನ ಜೊತೆ ಮಾತು ಬಿಟ್ಟು ವರ್ಷದ ಮೇಲಾಯ್ತು, ಎಸ್ಟಿಲ್‌ನ ಮಣ್ಣು ಮಾಡಿದ ದಿನದಿಂದ. ಈ ಕಾಲು ಇಟ್ಟುಕೊಂಡು ಎಲ್ಲರೆದುರು ಬರಿಗಾಲಲ್ಲಿ ಕೂರಲು ಬಂದನೇ ಇವನು, ಗೊತ್ತಿದ್ದೂ ಬಂದನೇ, ಥೂ ಅನ್ನಬೇಕು, ಬಾಯಿಗೆ ಬರುತ್ತಿಲ್ಲ, ಉಗುರು, ಇದರ ಮೇಲೆ ಶೂ ಹೇಗೆ ಹಾಕಿದ, ಹೇಗೆ ನಡೆದ, ವರ್ಲಿನ್‌ನ ಮಂಡಿ ನೆಲಕ್ಕೆ ತಾಗಿತು, ಯಾವಾಗ ತಾಗಿತೋ, ಟವೆಲ್ಲು ಸೊಂಟದಲ್ಲಿದೆ, ಯಾವಾಗ ಸುತ್ತಿಕೊಂಡನೋ, ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಕಾಲನ್ನು ನೀರಿಗಿಳಿಸಿದ, ಉಗುರು ಇಳಿದ ಜಾಗದಲ್ಲಿ ಒಂದು ಎಳೆ ರಕ್ತ, ನೀರಿನಲ್ಲಿ ಬಿಚ್ಚಿಕೊಂಡಿತು. ನೋವಾಗುತ್ತಾ ಅಂದ. ಆಗುತ್ತೆ ಅಂದ ಆರ್ಬಿನ್. ಚಾಕು ಇದೆ ನನ್ ಹತ್ರ, ಕತ್ತರಿಸ್ತೀನಿ, ಈಗ ಬೇಡ, ಗಟ್ಟಿ ಇದೆ, ಸ್ವಲ್ಪ ನೆನೀಲಿ ಅಂದ ವರ್ಲಿನ್. ಕಾಲು ಹಿಡಿದೇ ಕೂತ, ಹಾಡು ಇದೆಯೋ ನಿಂತಿದೆಯೋ, ನೀರಿನಡಿಯಲ್ಲಿ ಆ ಉಗುರು, ಹಳದಿ, ಮಾಂಸದೊಳಗೆ ತಿರುಗಿದ ಆ ಉಗುರು, ಸ್ವಲ್ಪ ನೆನೆಯಬೇಕು, ಆ ಉಗುರು —