ನಾಲ್ಕು ಗೆಲುವು, ಏಳು ಸೋಲು

ನೆಬ್ರಾಸ್ಕಾದ ನಮ್ಮೂರ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಲ್ಮೆಟ್ ಹಾಕಿ, ಚೆಂಡು ಕೈಯಲ್ಲಿ ಹಿಡಿದು ಓಡುವ ನಮ್ಮ ಫುಟ್‌ಬಾಲ್ ಹುಡುಗರ ಕಾಲಿಗೆ ಪಟ್ಟಿ ಸುತ್ತುವವಳು ನಾನು. ಉಳುಕು, ಮುರಿತ, ತಲೆಗೆ ಬಿದ್ದ ಪೆಟ್ಟು ಎಲ್ಲ ಮೊದಲು ಬರುವುದು ನನ್ನ ಹತ್ತಿರವೇ. ಇಷ್ಟರಲ್ಲಿ ಆರು ಕೋಚ್‌ಗಳು ಬಂದುಹೋದರು. ಆರೂ ಜನರ ಹಣೆಬರಹ ಬರೆದವನು ಟೈರ್ ಅಂಗಡಿಯ ರಾಯ್ಸ್ ಟ್ಯಾಕೆಟ್. ಆಡಳಿತ ಮಂಡಳಿಯಲ್ಲಿ ಕೂರುವ ಈ ಮಹಾಶಯ ಜನ್ಮದಲ್ಲಿ ಒಂದು ದಿನ ಮೈದಾನಕ್ಕೆ ಇಳಿದವನಲ್ಲ. ಆದರೆ ಯಾವ ಕೋಚ್ ಹೆಸರು ಹೇಳಿ, ಎಷ್ಟು ಗೆದ್ದ, ಎಷ್ಟು ಸೋತ ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ಅಲ್ಲಿಗೆ ಅವನ ಜ್ಞಾನ ಮುಗಿಯಿತು.

ಆರನೆಯವರು ಡ್ವೈಟ್ ಕೆಟರ್‌ಮನ್. ಮಾತು ಕಡಿಮೆ. ಹುಡುಗರಿಗೆ ಪರೀಕ್ಷೆ ಇದ್ದರೆ ಅಭ್ಯಾಸವನ್ನೇ ಮುಂದೂಡುವ ಮನುಷ್ಯ. ಆ ವರ್ಷದ ಕೊನೆಯ ಆಟದ ಹೊತ್ತಿಗೆ ನಾಲ್ಕು ಗೆದ್ದು ಆರು ಸೋತಿದ್ದೆವು. ಆಟದ ನಡುವೆ ನಮ್ಮ ಚೆಂಡೆಸೆಯುವ ಹುಡುಗ ಕೋಲ್ಬಿ ಸ್ಟ್ರೌಡ್ ತಲೆಗೆ ಪೆಟ್ಟು ತಿಂದು ಬಂದ.

"ಇವತ್ತು ಯಾವ ವಾರನೋ?" ಅಂದೆ.

"ಮಂಗಳವಾರ," ಅಂದ. ನಮ್ಮ ಆಟ ಇರುವುದೇ ಶನಿವಾರ.

"ಇವನನ್ನ ಮತ್ತೆ ಇಳಿಸಬೇಡಿ," ಅಂತ ಕೋಚ್‌ಗೆ ಹೇಳಿದೆ. ಅವರು ಅಂಕದ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. "ಸರಿ ವರ್ನಾ," ಅಂದರು, ಅಷ್ಟೇ. ಮೂರು ಅಂಕದಿಂದ ಸೋತೆವು.

ಮರುದಿನ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಚಿಲ್ಲಿ ಅನ್ನುವ ಮಾಂಸದ ಸಾರಿಗೆ ಸಾಲು ನಿಂತಿದ್ದರು. ರಾಯ್ಸ್ ಒಂದು ಹಾಳೆ ಹಿಡಿದು ಬಂದ.

"ಕೋಚ್‌ನ ಕೆಲಸದಿಂದ ಕಳಿಸೋಣ ಅಂತ. ನೀನೂ ಒಂದು ಸಹಿ ಗೀಚಿಬಿಡಮ್ಮ."

ಮೊದಲ ಸಹಿ ಕೋಲ್ಬಿಯ ತಾಯಿ ಡೀನಾಳದು. ಮಗ ಮನೆಯಲ್ಲಿ ಪರದೆ ಎಳೆದುಕೊಂಡು ವಾಂತಿ ಮಾಡುತ್ತಿದ್ದಾನೆ, ಇವಳು ಇಲ್ಲಿ ದಾಲ್ಚಿನ್ನಿ ರೋಲ್ ಮುರಿಯುತ್ತಿದ್ದಾಳೆ!

"ದೊಡ್ಡ ತಂಡದೋರು ಇವನ ಆಟ ನೋಡೋಕೆ ಬಂದಿದ್ರು ಕಣೇ," ಅಂದಳು. "ನನ್ನ ಮಗನ ಬಾಳನ್ನೇ ಹಾಳು ಮಾಡ್ದ ಅವನು."

ನಾನು ಸಹಿ ಹಾಕಲಿಲ್ಲ. ತಟ್ಟೆ ಅಲ್ಲೇ ಇಟ್ಟು ಬಂದೆ.

ಸೋಮವಾರ ಮಂಡಳಿಯ ಸಭೆಗೆ ಕರೆಯದೇ ಹೋದೆ.

"ಹುಡುಗನ್ನ ಕೂರಿಸಿದ್ದು ನಾನು. ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ," ಅಂದೆ.

ರಾಯ್ಸ್ ನಕ್ಕ. "ಸೋಲನ್ನ ನಿನ್ನ ಹೆಸರಲ್ಲಿ ಬರೆಯೋಕಾಗಲ್ವಲ್ಲಮ್ಮ. ಅದು ಕೋಚ್ ಹೆಸರಲ್ಲೇ ಇರುತ್ತೆ."

ಉಳಿದವರೂ ನಕ್ಕರು. ಕೋಚ್‌ನನ್ನು ತೆಗೆಯಲು ಎಂಟರಲ್ಲಿ ಏಳು ಕೈ ಮೇಲೆದ್ದವು. ಒಂದು ಬ್ಯಾಂಕಿನವರದು, ಒಂದು ಹಲ್ಲಿನ ವೈದ್ಯರದು, ಉಳಿದವು ರಾಯ್ಸ್ ಮತ್ತು ಅವನ ಬಾಲಗಳವು.

ಕೆಟರ್‌ಮನ್ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದರು. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ನೀವು?" ಅಂತ ಜಗಳಕ್ಕೇ ನಿಂತೆ.

"ಹೇಳಿದ್ರೆ ಮುಂದಿನ ಸಲ ಹುಡುಗನ್ನ ಇಳಿಸಬೇಡಿ ಅನ್ನೋಕೆ ನೀವು ಹೆದರ್ತಿದ್ರಿ," ಅಂದರು. ಈಗ ಅವರು ದೂರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ.

ಹೊಸ ಕೋಚ್ ಲ್ಯಾನಿಗನ್ ವಾದ್ಯಮೇಳದ ಜೊತೆ ಬಂದ. ಹಿಂದೆ ಇದ್ದ ಕಡೆ ನಲವತ್ತೊಂದು ಗೆಲುವು, ಆರು ಸೋಲು. ಯಾರ ಮೇಲೆ ಗೆದ್ದದ್ದು ಅಂತ ರಾಯ್ಸ್‌ನನ್ನು ಕೇಳಿದೆ. "ಗೆದ್ದಿದ್ದಾನಲ್ಲ, ಸಾಕು ಬಿಡು," ಅಂದ.

ಸೆಪ್ಟೆಂಬರಿನ ಮೊದಲ ಆಟದಲ್ಲೇ ಓವನ್ ಹ್ರೂಬಿ ಅನ್ನುವ ಹುಡುಗ ಬಿದ್ದು, ಎದ್ದು, ಎದುರಾಳಿಗಳ ಬೆಂಚಿನ ಕಡೆಗೆ ನಡೆದ. ನಾನು ಹಿಡಿದು ತಂದು, ಅವನ ಹೆಲ್ಮೆಟ್ ಕಿತ್ತು ನನ್ನ ಚೀಲಕ್ಕೆ ತುರುಕಿದೆ.

"ಹೆಲ್ಮೆಟ್ ಕೊಡ್ರೀ," ಲ್ಯಾನಿಗನ್ ಗದರಿದ.

"ಕೊಡಲ್ಲ."

"ಇದು ನನ್ನ ಮೊದಲ ಆಟ ಕಣ್ರೀ!"

"ಅವನ ಕೊನೇದಾಗೋದು ಬೇಡ."

ಮೇಲಿನ ಸಾಲಿನಿಂದ ರಾಯ್ಸ್ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ನಾನು ಚೀಲದ ಮೇಲೇ ಕೂತೆ. ಆಂಬುಲೆನ್ಸ್ ಬಂದಾಗ ಚೀಲದ ಸಮೇತ ಹತ್ತಿದೆ.

"ಗೆದ್ವಾ?" ಅಂತ ಓವನ್ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ. ಪ್ರತಿ ಸಲವೂ "ನನ್ನ ಬೆರಳು ಗಟ್ಟಿಯಾಗಿ ಹಿಡ್ಕೋ," ಅಂತಿದ್ದೆ. ತಲೆಯೊಳಗೆ ರಕ್ತ ಕಟ್ಟಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಅಂದರು ವೈದ್ಯರು. ಉಳಿದ.

ಅವನ ಅಪ್ಪ ಹಸು ಸಾಗಿಸುವ ಲಾರಿಯನ್ನು ಹಾಗೇ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ. ಮಂಡಳಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ.