ತಕ್ಕಡಿ ಎತ್ತುವ ಮುನ್ನ

ಬೇಯುವ ಗಂಜಿಯ ವಾಸನೆ ಮೂಗಿಗೆ ಬಡಿದರೆ ಕೋಮಲಳಿಗೆ ಬದನವಾಳಿನ ಖಾದಿ ಕೇಂದ್ರದ ಹಿತ್ತಿಲು ಕಣ್ಣಿಗೆ ಕಟ್ಟುತ್ತಿತ್ತು. ಹಂಡೆಯಲ್ಲಿ ಕುದಿಯುವ ಗಂಜಿ, ಅದರಲ್ಲಿ ಅದ್ದಿ ಬಿಸಿಲಿಗೆ ಹರವಿದ ನೂಲು, ನೂಲಿನಿಂದೇಳುವ ಆ ಬೆಚ್ಚನೆಯ ಹುಳಿವಾಸನೆ. ತಾಯಿ ಪುಟ್ಟಮಾದಮ್ಮ ಅಲ್ಲಿ ನೂಲು ತೂಗುತ್ತಿದ್ದಳು. ಸುತ್ತಲ ಹೆಂಗಸರು ನೂತು ಸುತ್ತಿ ತಂದ ನೂಲಿನ ಲಡಿಗಳನ್ನು ತಕ್ಕಡಿಗೆ ಇಡುವ ಮೊದಲೇ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದಳು: "ಒಂದು ಲಡೀಗೆ ಇಷ್ಟು ಎಚ್ಚುಕಮ್ಮಿ ಆದ್ರೆ ಬುಡ್ತೀನಿ. ಅದ್ಕಿಂತ ಒಂದೆಳೆ ಜಾಸ್ತಿ ಆದ್ರೂ ಬುಡಕಿಲ್ಲ." ಹೇಳಿದ ಮೇಲೆ ಒಡಹುಟ್ಟಿದ ತಂಗಿಯ ಲಡಿಯಾದರೂ ಅಷ್ಟೆ. "ತಕ್ಕಡಿ ಎತ್ತಿದ್ ಮ್ಯಾಲೆ ಮಾತು ಬದಲಾಯ್ಸೋಳು ತೂಗೋಳಲ್ಲ ಕಣವ್ವ, ಕದಿಯೋಳು" ಎಂದು ಮಗಳಿಗೆ ಹೇಳಿಕೊಟ್ಟಿದ್ದಳು.

ಆ ಮಗಳು ಮೈಸೂರಿನಲ್ಲಿ ಓದಿ, ತೊಂಬತ್ತೊಂಬತ್ತರಲ್ಲಿ ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಅಲ್ಲಿಯೂ ಗಂಜಿಯೇ. ಜ್ವರದ ಮಾತ್ರೆಯ ಪುಡಿಯನ್ನು ಮೆಕ್ಕೆಜೋಳದ ಗಂಜಿಯಲ್ಲಿ ಕಲಸಿ, ತಟ್ಟೆಗಳಲ್ಲಿ ಹರವಿ, ಬಿಸಿಗೂಡಿನಲ್ಲಿ ಎಂಟು ಗಂಟೆ ಒಣಗಿಸಿ, ಆಮೇಲೆ ಮಾತ್ರೆ ಒತ್ತುತ್ತಿದ್ದರು. ಆ ವರ್ಷ ಹೊಸ ಯಂತ್ರ ಬಂತು. ಬಿಸಿಗಾಳಿ ಊದಿ ಎಂಟು ಗಂಟೆಯ ಕೆಲಸವನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಯಂತ್ರ. ಆದರೆ ಮಾತ್ರೆ ಕೊಳ್ಳುವವರ ಕರಾರಿನಲ್ಲಿ ಒಂದು ಮಾತಿತ್ತು: ಮಾಡುವ ವಿಧಾನ ಬದಲಾದರೆ, ಹೊಸ ಮಾತ್ರೆ ಹಳೆಯದಕ್ಕೆ ಸಮ ಎಂದು ತೋರಿಸಬೇಕು. ಆ ಕಾಗದಕ್ಕೆ ಲ್ಯಾಬಿನವರ ಸಹಿ ಬೇಕು. ಲ್ಯಾಬಿನವರು ಎಂದರೆ ಕೋಮಲ.

ಮ್ಯಾನೇಜರ್ ಸೋಮಶೇಖರ್ ಗುರುವಾರ ಬೆಳಿಗ್ಗೆ ಕಾಗದ ತಂದು ಅವಳ ಮುಂದಿಟ್ಟರು.

"ಸಹಿ ಹಾಕಮ್ಮ. ಸೋಮವಾರ ಲಾರಿ ಬರುತ್ತೆ."

ಕೋಮಲ ಓದಿದಳು. ಹಳೆಯ ಆರು ಮಾತ್ರೆ, ಹೊಸ ಆರು ಮಾತ್ರೆ ನೀರಿನಲ್ಲಿ ಕರಗಲು ಎಷ್ಟು ಹೊತ್ತು ತೆಗೆದುಕೊಂಡವು ಎಂದು ಹಿಂದಿನ ವಾರ ಅವಳೇ ನೋಡಿ ಕೊಟ್ಟಿದ್ದ ಅಂಕಿಗಳು. ಕೆಳಗೆ ಮ್ಯಾನೇಜರ್ ಬರೆಸಿದ್ದರು: ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಆದ್ದರಿಂದ ಎರಡೂ ಸಮ.

"ಸಾರ್, ಆರಾರು ಮಾತ್ರೆ ನೋಡಿ ವ್ಯತ್ಯಾಸ ಕಾಣಲಿಲ್ಲ ಅಂದ್ರೆ, ನಾವು ಸರಿಯಾಗಿ ನೋಡಲಿಲ್ಲ ಅಂತ ಅರ್ಥ. ಸಮ ಅಂತ ಅಲ್ಲ."

"ಎರಡೂ ಹದಿನೈದು ನಿಮಿಷದೊಳಗೆ ಕರಗ್ತವೆ. ಪಾಸು ತಾನೆ?"

"ಪಾಸು ಅಂತ ಬರೀರಿ, ಈಗಲೇ ಸಹಿ ಹಾಕ್ತೀನಿ. ಸಮ ಅಂತ ಬರೆದ್ರೆ ಹಾಕಲ್ಲ."

ಸೋಮಶೇಖರ್ ಕೆಟ್ಟವರಲ್ಲ. ಪುಟ್ಟಮಾದಮ್ಮನ ಕಣ್ಣಿನ ಆಪರೇಷನ್ನಿಗೆ ಕಂಪನಿಯ ಜೀಪು ಕಳಿಸಿ, ಬರುವಾಗ ಮೋಸಂಬಿಯನ್ನೂ ಕೊಡಿಸಿದ್ದವರು. ಅದನ್ನು ಕೋಮಲ ಮರೆತಿರಲಿಲ್ಲ. ಆದರೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಲೀಕರೇ ಬಂದರು. ತಿ. ನರಸೀಪುರದ ಅಕ್ಕಿ ಗಿರಣಿಯ ಗಂಗಾಧರಸ್ವಾಮಿ; ಹಣೆ ತುಂಬ ವಿಭೂತಿ, ಕೈಯಲ್ಲಿ ಕಾರಿನ ಕೀಲಿ.

"ಏನಮ್ಮ, ಒಂದು ಸಹಿಗೆ ಇಷ್ಟು ರಂಪ? ವ್ಯತ್ಯಾಸ ಇಲ್ಲ ಅಂದ್ರೆ ಒಂದೇ ಅಂತ ನಮ್ಮ ಗಿರಣಿ ಎತ್ತಿಗೂ ಗೊತ್ತು."

"ನಿಮ್ಮೂರ ಕೂಡಲಲ್ಲಿ ಒಂದು ಚೊಂಬು ನೀರು ಮೊಗೆದು ಕೊಡ್ತೀನಿ ಸಾರ್. ಕಾವೇರಿನೋ ಕಪಿಲೆನೋ ಹೇಳ್ತೀರಾ?"

"ಅದ್ಹೆಂಗೆ ಹೇಳೋಕಾಯ್ತದೆ?"

"ಹೇಳೋಕಾಗಲ್ಲ ಅಂತ ಎರಡೂ ಒಂದೇ ಹೊಳೆ ಆಯ್ತಾ?"

ಗಂಗಾಧರಸ್ವಾಮಿ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು. "ಈಗ ನಿನಗೇನು ಬೇಕು?"

"ಎಷ್ಟು ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ ಅನ್ನೋದನ್ನ ನೋಡೋಕೆ ಮುಂಚೆ ನೀವೇ ಹೇಳಿ. ಆಮೇಲೆ ಅರವತ್ತು, ಅರವತ್ತು ಮಾತ್ರೆ ನೋಡ್ತೀನಿ. ವ್ಯತ್ಯಾಸ ಆ ಗೆರೆಯೊಳಗೇ ಇದೆ ಅಂತ ಗಟ್ಟಿಯಾಗಿ ಗೊತ್ತಾದ್ರೆ ಸಮ."

ಮಾಲೀಕರು ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ಎರಡು ಬೆರಳೆತ್ತಿದರು. "ಎರಡು ನಿಮಿಷ." ಕೋಮಲ ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಎರಡು ನಿಮಿಷ ಎಂದು ಬರೆದು, ಕೆಳಗೆ ತಾರೀಖು ಹಾಕಿದಳು.

ಮಾತ್ರೆ ತರಲು ಪ್ಯಾಕಿಂಗ್ ಹಾಲಿಗೆ ತಾನೇ ಹೋದಳು. ಅಲ್ಲಿ ಸಣ್ಣತಾಯಮ್ಮ ಇದ್ದಳು, ಕಾರ್ಖಾನೆ ಶುರುವಾದಾಗಿನಿಂದ ಇರುವ ಮುದುಕಿ. ಇಷ್ಟು ದಿನ ಲ್ಯಾಬಿಗೆ ಮಾತ್ರೆ ಕಳಿಸುತ್ತಿದ್ದವಳು ಅವಳೇ. ಈಗಲೂ ಅಂಗೈ ಮೇಲೆ ಒಂದೊಂದನ್ನೇ ಹೊರಳಿಸಿ, ಚುಕ್ಕಿಯಿದ್ದುದನ್ನು ಪಕ್ಕಕ್ಕಿಟ್ಟು, ಹಾಲಿನಂತೆ ಬೆಳ್ಳಗಿರುವುದನ್ನು ಬಟ್ಟಲಿಗೆ ಹಾಕತೊಡಗಿದಳು.

"ಏನಮ್ಮ ಮಾಡ್ತಿದ್ದೀಯಾ?"

"ಆರುಸ್ತಾವ್ನಿ. ಲ್ಯಾಬ್‌ಗೆ ಕೊಡೋದಲ್ವಾ? ದೇವ್ರ ಎಡೆಗೆ ಮುರುದೋಗಿರೋ ಒಬ್ಬಟ್ಟ ಯಾರಾದ್ರೂ ಇಕ್ಕಾರಾ?"

"ಮೊದಲಿನ ಆರು ಮಾತ್ರೆನೂ ಹಿಂಗೇ ಆರಿಸಿದ್ಯಾ?"

"ಊ ಕಣವ್ವ. ವಸಾ ಮಿಸಿನ್ನಿನವು ಬಲೇ ಚುಕ್ಕಿ ಚುಕ್ಕಿ. ನಿನ್ ಕೈಗೆ ಅಂತವ ಕೊಡಕಾಯ್ತದಾ?"

ಕೋಮಲಳಿಗೆ ನಗು ಬಂತು. ಆರು ಮಾತ್ರೆಯ ಲೆಕ್ಕವೆಲ್ಲ ಈ ಮುದುಕಿಯ ಮರ್ಯಾದೆಯ ಮೇಲೆ ನಿಂತಿತ್ತು. ಬಯ್ಯುವ ಮನಸ್ಸಾಗಲಿಲ್ಲ. "ಇವತ್ತು ಚೆನ್ನಾಗಿರೋದು, ಇಲ್ಲದ್ದು ಅಂತ ನೋಡ್ಬೇಡ. ಹತ್ತು ನಿಮಿಷಕ್ಕೊಂದ್ಸಲ ಮಾತ್ರೆ ಒತ್ತೋ ಯಂತ್ರದಿಂದ ಬಿದ್ದಿದ್ದನ್ನ ಬಿದ್ದ ಹಾಗೇ ಕೊಡು" ಎಂದಳು. ಸಣ್ಣತಾಯಮ್ಮ ಅರೆಮನಸ್ಸಿನಿಂದ ತಲೆಯಾಡಿಸಿದಳು.

ಶುಕ್ರವಾರವೆಲ್ಲ, ಶನಿವಾರ ಮಧ್ಯಾಹ್ನದವರೆಗೆ ಕೋಮಲ ಗಡಿಯಾರ ಹಿಡಿದು ಕುಳಿತಳು. ಎರಡು ದಿನವೂ ಮೊದಲ ರೈಲಿಗೆ ಬಂದವಳು. ಬುತ್ತಿ ಕಟ್ಟಿಕೊಳ್ಳಲು ಹೊತ್ತಿರಲಿಲ್ಲ. ಹಳೆಯವು ಸರಾಸರಿ ಆರು ನಿಮಿಷಕ್ಕೆ ಕರಗಿದವು. ಹೊಸವು ಒಂಬತ್ತೂವರೆ. ಲೆಕ್ಕದ ಏರುಪೇರನ್ನೆಲ್ಲ ಬಿಟ್ಟುಕೊಟ್ಟರೂ ವ್ಯತ್ಯಾಸ ಎರಡೂಮುಕ್ಕಾಲು ನಿಮಿಷಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಹಲಗೆಯ ಮೇಲಿದ್ದುದು ಎರಡು.

ಸೋಮಶೇಖರ್ ಅಂಕಿಗಳನ್ನು ಎರಡು ಸಲ ನೋಡಿದರು. ನಿಧಾನಕ್ಕೆ ಡಸ್ಟರ್ ಎತ್ತಿಕೊಂಡು ಹಲಗೆಯ ಹತ್ತಿರ ಹೋದರು.

"ಐದು ನಿಮಿಷ ಅಂತ ಮಾಡೋಣ ಕಣಮ್ಮ. ಯಾರು ಕೇಳ್ತಾರೆ?"

ಕೋಮಲ ಎದ್ದು ಹೋಗಿ ಹಲಗೆಗೆ ಬೆನ್ನು ಕೊಟ್ಟು ನಿಂತಳು.

"ತಕ್ಕಡಿ ಎತ್ತಾಯ್ತು ಸಾರ್."

"ಇದನ್ನ ನಿಲ್ಲಿಸಿದ್ರೆ ಸೋಮವಾರದಿಂದ ನೀನು ಲ್ಯಾಬಲ್ಲಿರಲ್ಲ. ಪ್ಯಾಕಿಂಗ್‌ಗೆ ಹಾಕ್ತಾರೆ. ನನ್ನ ಕೈಲಿಲ್ಲ, ಮಾಲೀಕರು ಆಗಲೇ ಹೇಳಿಹೋಗಿದ್ದಾರೆ."

"ಹಾಕಲಿ. ಜ್ವರ ಬಂದ ಮಗೂಗೆ ಮಾತ್ರೆ ನುಂಗಿಸಿ ಕೂತ ತಾಯಿಗೆ ಮೂರೂವರೆ ನಿಮಿಷ ಎಷ್ಟು ಉದ್ದ ಅಂತ ನನಗೆ ಗೊತ್ತಿಲ್ಲ. ಸಮ ಅಂತ ಸುಳ್ಳು ಹೇಳಬಾರದು ಅನ್ನೋದು ಗೊತ್ತು."

ಪೆನ್ನಿನ ಮುಚ್ಚಳ ತೆಗೆದಳು. ಕಾಗದದಲ್ಲಿದ್ದ 'ಸಮ'ದ ಮೇಲೆ ನೇರ ಗೆರೆ ಎಳೆದು, ಪಕ್ಕದಲ್ಲಿ 'ಸಮವಲ್ಲ' ಎಂದು ಬರೆದಳು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು: ಪುಟ್ಟಮಾದಮ್ಮನ ಮಗಳು ಎಂದು ಮಾತ್ರ ಸೇರಿಸಲಿಲ್ಲ. ಸೋಮಶೇಖರ್ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತು, ಅವಳ ಕಡೆ ತಿರುಗದೆಯೇ, ಒಣಗಿಸುವ ಕಡೆಯ ಆಳಿಗೆ ಕೂಗಿದರು:

"ಪುಟ್ಟರಾಜು, ಹಳೇ ಗೂಡು ಬಿಸಿ ಮಾಡಪ್ಪ. ತಟ್ಟೆ ತೊಳೆಸು."

ಡಸ್ಟರನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಹಲಗೆಯ ಅಕ್ಷರ ಹಾಗೇ ಇತ್ತು.

ಕೋಮಲ ಲ್ಯಾಬಿನ ಬೀಗದ ಕೈ ಒಪ್ಪಿಸಿ, ಪ್ಯಾಕಿಂಗ್ ಹಾಲಿನ ಹೊರಗಿನ ಹೊಂಗೆಮರದ ಕೆಳಗೆ ಬಂದು ಕುಳಿತಳು. ಆಗಲೇ ಗಂಜಿಯ ವಾಸನೆ ಏಳುತ್ತಿತ್ತು. ಊಟದ ಹೊತ್ತು. ಹೆಂಗಸರು ಗುಂಪು ಗುಂಪಾಗಿ ಡಬ್ಬಿ ಬಿಚ್ಚುತ್ತಿದ್ದರು. ಸಣ್ಣತಾಯಮ್ಮ ಇಷ್ಟು ವರ್ಷ ಊಟಕ್ಕೆ ಕೋಮಲಳಿಂದ ಒಂದು ಮಾರು ಆಚೆಗೇ ಕೂರುತ್ತಿದ್ದಳು. ಯಾಕೆಂದು ಇವಳು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಲ್ಯಾಬಿನ ಸುದ್ದಿ ಪ್ಯಾಕಿಂಗ್‌ನವರಿಗೆ ಆಗಲೇ ಮುಟ್ಟಿತ್ತು; ಈ ದಿನ ಅವಳು ಡಬ್ಬಿ ಎತ್ತಿಕೊಂಡು ಎದ್ದು ಬಂದು ಪಕ್ಕದಲ್ಲೇ ಕುಳಿತಳು. ಒಂದೇ ರಾಗಿಮುದ್ದೆ ಇತ್ತು. ಅದನ್ನು ಕೈಯಲ್ಲೇ ಎರಡು ಮಾಡಿ, ಒಂದನ್ನು ಡಬ್ಬಿಯಲ್ಲಿ, ಒಂದನ್ನು ಮುಚ್ಚಳದಲ್ಲಿಟ್ಟು, ಎರಡರ ಮೇಲೂ ಸೊಪ್ಪಿನ ಸಾರು ಸುರಿದಳು. ಯಾವ ಅರ್ಧ ದೊಡ್ಡದು, ಯಾವುದು ಚಿಕ್ಕದು ಎಂದು ನೋಡದೆ, ಕೈಗೆ ಬಂದ ಅರ್ಧವನ್ನು ಕೋಮಲಳ ಮುಂದೆ ಹಿಡಿದಳು.