ಸಡಿಲ ಕೈ

"‘ಗೇಟಿಗೆ ಬೀಗ ಹಾಕಿರಲಿಲ್ಲ’ ಅಂತ ಬರೀರಿ," ಎಂದಳು ಮಗಳು. "ಅದರ ಕೆಳಗೆ ಗೆರೆ ಎಳೀರಿ."

ಟೈಲರ್ ಗೆರೆ ಎಳೆದ, ಬಟ್ಟೆಯ ಮೇಲೆ ಎಳೆಯುವಷ್ಟೇ ನೇರವಾಗಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ದೂರು ಬರೆಸುತ್ತಿದ್ದಳು. ಪಕ್ಕದ ನಡುಮನೆಯಲ್ಲಿ, ಮಂಚದ ಮೇಲೆ, ಅವಳ ತಾಯಿ ಮಲಗಿದ್ದಳು. ಕಿವಿ ಮುಚ್ಚುವವರೆಗೂ ಬ್ಯಾಂಡೇಜು. ಸುತ್ತ ಕುರ್ಚಿ ಹಾಕಿಕೊಂಡು ನೆಂಟರು ಕೂತಿದ್ದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ಹನ್ನೆರಡಕ್ಕೆ ಬರುವುದಿತ್ತು. ಆಗಲೇ ಹನ್ನೊಂದು ದಾಟಿತ್ತು.

ಅಂಚೆಯಮ್ಮ ಸಿಂಕಿನ ಹತ್ತಿರ ನಿಂತು ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಇಪ್ಪತ್ತೆಂಟು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತಿದ್ದಕ್ಕೆ ಅಂಟಿಕೊಂಡ ಹೆಸರು ಅದು. ಸತ್ತವಳು ಹೆರಿಗೆ ವಾರ್ಡಿನ ನರ್ಸಕ್ಕ. ಹನ್ನೊಂದು ವರ್ಷದಿಂದ ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಈ ಇಬ್ಬರೂ ಟೈಲರ್ ಅಂಗಡಿಯ ಹಿಂದಿನ ಕೋಣೆ ಸೇರುತ್ತಿದ್ದರು. ಟೈಲರ್ ಮಿಷನ್ ನಿಲ್ಲಿಸಿ ತಾನೂ ಬಂದು ಕೂರುತ್ತಿದ್ದ. ಮೂವರೂ ಸೇರಿ ವಾರ್ಡಿನ ಕೂಸುಗಳಿಗೆ ಉಲ್ಲನ್ ಟೋಪಿ ಹೆಣೆಯುತ್ತಿದ್ದರು.

"ಈಗ ಆ ವಾಚ್‌ಮನ್ ಕತೆ ಬರೀರಿ," ಎಂದಳು ಮಗಳು. "‘ಅಮ್ಮ ಬಂದು ಇವತ್ತು ಬುಧವಾರ, ಟೈಲರ್ ಅಂಗಡಿಗೆ ಹೋಗ್ಬೇಕು ಅಂದ್ರು. ಅದು ಎದುರುಗಡೆ ಇದೆ ಅಂದ್ರೂ ಕೇಳದೆ ಮೆಟ್ಟಿಲು ಹತ್ತಿದ್ರು, ಮೇಲಿಂದ ಬಿದ್ರು’ ಅಂತಾನೆ. ಸೋಮವಾರ ಹೋಗಿ ಬುಧವಾರ ಅಂದ್ಳಂತೆ! ಕಟ್ತಾ ಇರೋ ಕಟ್ಟಡಕ್ಕೆ ಬೀಗ ಹಾಕದೆ ಎಲ್ಲೋ ಹೋಗಿ ನಿದ್ದೆ ಹೊಡೆದು, ಈಗ ಸತ್ತವಳ ಬಾಯಿಗೆ ಮಾತು ತುರುಕ್ತಾನೆ."

"ಬೆಳಗ್ಗೆಯಿಂದ ಹೊರಗೇ ನಿಂತಿದಾನಮ್ಮ," ಎಂದ ಟೈಲರ್. "ಒಳಗೆ ಬರೋಕೆ ಭಯ ಅವನಿಗೆ."

"ಜೈಲಿಗೆ ಹೋಗೋನಿಗೆ ಭಯ ಅಲ್ದೆ ಇನ್ನೇನಿರುತ್ತೆ?"

ಅಂಚೆಯಮ್ಮನ ಕೈಯಿಂದ ಲೋಟ ಜಾರಿ ಸಿಂಕಿಗೆ ಬಿತ್ತು. ಸ್ಟೀಲಿನದು. ಸದ್ದಷ್ಟೇ ಆಯಿತು.

"ಚಿಕ್ಕಮ್ಮ, ನೀವೇ ಹೇಳಿ. ವಾರ ವಾರ ನೋಡ್ತಿದ್ರಿ. ಅಮ್ಮಂಗೆ ತಲೆ ಸರಿ ಇರ್ಲಿಲ್ವಾ?"

"ಸರಿ ಇದ್ಲು."

ಅಂಚೆಯಮ್ಮ ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು. ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

*

ಬರೆಯುವ ಅಕ್ಷರದ ಹಾಗೆ ಹೆಣೆಯುವ ಕೈಯೂ ಒಬ್ಬೊಬ್ಬರದು ಒಂದೊಂದು ತರ. ನರ್ಸಕ್ಕ ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಎಳೆದಳೆಂದರೆ ಕಡ್ಡಿ ಕಿರುಗುಟ್ಟುತ್ತಿತ್ತು. ಅಂಚೆಯಮ್ಮನದು ಧಾರಾಳದ ಕೈ.

"ನರ್ಸಕ್ಕನ ಟೋಪೀಲಿ ನೀರು ತುಂಬಿ ಒಲೆ ಮೇಲಿಡಬಹುದು," ಎನ್ನುತ್ತಿದ್ದ ಟೈಲರ್. "ಅಂಚೆಯಮ್ಮಂದು ಸೊಳ್ಳೆ ಪರದೆಗೂ ಆಗಲ್ಲ. ಸೊಳ್ಳೆ ಸಂಸಾರ ಸಮೇತ ಒಳಗೆ ಬರುತ್ತೆ."

"ನೀನು ಹೊಲಿದ ರವಿಕೆ ತೊಟ್ಟು ಉಸಿರಾಡಿದೋರು ಯಾರಾದ್ರೂ ಇದಾರಾ? ಅದನ್ನ ಹೇಳು ಮೊದಲು," ಎನ್ನುತ್ತಿದ್ದಳು ನರ್ಸಕ್ಕ, ತಲೆ ಎತ್ತದೆ, ಎಣಿಕೆ ತಪ್ಪದೆ.

ಏಳು ತಿಂಗಳ ಹಿಂದೆ ಅವಳು ಮಗಳಿಗೊಂದು ಶಾಲು ಶುರು ಮಾಡಿದಳು. ನಾಲ್ಕು ಬೆರಳಗಲ ಆಗಿತ್ತು. ಒಂದು ಬುಧವಾರ ಕಡ್ಡಿಯನ್ನು ಹಾಗೇ ಹಿಡಿದು ಕೇಳಿದಳು: "ಇದು ಸೀದಾ ಸಾಲೋ ಉಲ್ಟಾ ಸಾಲೋ?"

ಟೈಲರ್ ನಕ್ಕ. ಅಂಚೆಯಮ್ಮನೂ ನಕ್ಕಳು. ನರ್ಸಕ್ಕ ನಗಲಿಲ್ಲ.

ಮನೆಗೆ ಹೊರಟಾಗ ಅಂಗಡಿಯ ಮೆಟ್ಟಿಲ ತಿರುವಿನಲ್ಲಿ ಅವಳು ಅಂಚೆಯಮ್ಮನ ಮಣಿಕಟ್ಟು ಹಿಡಿದಳು. ಹೆರಿಗೆಯ ಹೆಂಗಸರು ಹಿಡಿಯುವಂಥ ಹಿಡಿತ. "ಮಗಳಿಗೆ ಹೇಳಬೇಡ ಕಣೇ. ಕೂಡಿಹಾಕ್ತಾಳೆ. ಅಂಥವರನ್ನ ನೋಡಿದೀನಿ ನಾನು. ಹೊರಗಿಂದ ಚಿಲಕ ಹಾಕಿರ್ತಾರೆ."

"ಇಲ್ಲ, ಹೇಳಲ್ಲ."

ಹೇಳಲಿಲ್ಲ. ಬುಧವಾರ ನರ್ಸಕ್ಕನ ಚೀಲವನ್ನೂ ತಾನೇ ಹೊತ್ತು ಮನೆಗೆ ಒಯ್ದಳು. ಉದುರಿದ ಕುಣಿಕೆ, ಸೊಟ್ಟ ಸಾಲು ಎಲ್ಲ ಬಿಚ್ಚಿ, ಅಷ್ಟೇ ಸಾಲು ಸರಿಯಾಗಿ ಹೆಣೆದು, ಗುರುವಾರ ಮಧ್ಯಾಹ್ನ ವಾಪಸ್ ಕೊಟ್ಟಳು. ವಾರ ವಾರವೂ ಹಾಗೇ. ಬಿಗಿಯಾಗಿ ಹೆಣೆಯಲು ನೋಡಿದಳು. ದಾರ ಕೊಯ್ದು ಬೆರಳು ಕೆಂಪಾಯಿತೇ ಹೊರತು ಆ ಬಿಗಿ ಬರಲಿಲ್ಲ.

ಒಂದು ದಿನ ನರ್ಸಕ್ಕ ಶಾಲನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ನನ್ನ ಕೈ ಅಲ್ಲ."

"ನಿಂದೇ ಕಣೇ. ವಯಸ್ಸಾಯ್ತು, ಸಡಿಲ ಆಗಿದೆ."

ನರ್ಸಕ್ಕ ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಂಡಳು, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ. "ಹೌದಾ?" ಎಂದಳು. ನಂಬಿದಳು. ಆಮೇಲೆ ಅವಳು ತನ್ನದು ಎಂದು ಯಾವುದನ್ನೂ ಗಟ್ಟಿಯಾಗಿ ಹೇಳಲಿಲ್ಲ.

ಕಳೆದ ಭಾನುವಾರ ಮೂರು ಸಲ ಫೋನ್ ಮಾಡಿ, "ಇವತ್ತು ಬುಧವಾರ ತಾನೆ?" ಎಂದು ಕೇಳಿದಳು. ಎರಡು ಸಲ ಅಂಚೆಯಮ್ಮ ಅಲ್ಲ ಎಂದಳು. ಮೂರನೆಯ ಸಲ ಫೋನು ತಾನಾಗಿ ನಿಲ್ಲುವವರೆಗೂ ನೋಡುತ್ತ ಕೂತಳು.

*

ಮಗಳು ಒಳಗಿನ ಕೋಣೆಯಿಂದ ಶಾಲು ತಂದು ಮೇಜಿನ ಮೇಲೆ ಹರವಿದಳು. ಕಡ್ಡಿ ಇನ್ನೂ ಅದರಲ್ಲೇ ಇತ್ತು, ದಾರದುಂಡೆ ಪಕ್ಕದಲ್ಲಿ.

"ಬರೀರಿ. ‘ಮೃತರ ಬುದ್ಧಿ ಸ್ವಾಧೀನದಲ್ಲಿತ್ತು.’ ಇದೇ ಸಾಕ್ಷಿ. ಸಾಲಿಗೆ ನೂರ ಇಪ್ಪತ್ತು ಕುಣಿಕೆ. ಕೂತು ಎಣಿಸಿದೀನಿ, ಒಂದೂ ತಪ್ಪಿಲ್ಲ. ಬುದ್ಧಿ ಕೆಟ್ಟೋರು ಇದನ್ನ ಹೆಣೀತಾರಾ? ಎಲ್ಲ ಮುಗಿದ ಮೇಲೆ ಸೀದಾ ಸ್ಟೇಷನ್ನಿಗೆ ಹೋಗಿ ಇದನ್ನೇ ಮುಂದಿಡ್ತೀನಿ." ಅವಳು ಶಾಲನ್ನು ಸವರಿದಳು. ದನಿ ತಗ್ಗಿತು. "ಇತ್ತೀಚೆಗೆ ಕೈ ಸ್ವಲ್ಪ ಸಡಿಲ ಬಿಟ್ಟಿದ್ಳು. ಮೊದಲಿಂದ ಎಷ್ಟು ಬಿಗಿ ಅವಳು. ಈಗ ನೆಮ್ಮದಿಯಾಗಿದಾಳೆ ಅನ್ಕೊಂಡೆ ನಾನು."

ಟೈಲರ್ ಶಾಲಿನ ಮೇಲೆ ಬಗ್ಗಿದ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೆಬ್ಬೆರಳಿನಿಂದ ಎರಡು ಸಾಲು ಮುಟ್ಟಿದ. ಆಮೇಲೆ ತಲೆ ಎತ್ತಿ ಅಂಚೆಯಮ್ಮನನ್ನು ನೋಡಿದ.

ಅವಳು ನಲ್ಲಿ ನಿಲ್ಲಿಸಿದಳು. ಅವನಿಗೆ ಗೊತ್ತಾಗಿದೆ. ಈಗ ಹೇಳುತ್ತಾನೆ.

ಅವನು ಪೆನ್ನು ತೆಗೆದು ಹಾಳೆಯ ಮೇಲಿಟ್ಟ.

"ಬರೀರಿ ಮಾಮ."

"ಸ್ವಲ್ಪ ಇರಮ್ಮ."

ಕಿಟಕಿಯಲ್ಲಿ ವಾಚ್‌ಮನ್ ಕಾಣುತ್ತಿದ್ದ. ಎರಡು ಹೆಜ್ಜೆ ಇಟ್ಟಿದ್ದರೆ ನೆರಳು ಸಿಗುತ್ತಿತ್ತು. ಅವನು ಬಿಸಿಲಲ್ಲೇ ನಿಂತಿದ್ದ, ಎರಡೂ ಕೈಯಲ್ಲಿ ಟೋಪಿ ಹಿಡಿದು. ಇನ್ನು ಮುಕ್ಕಾಲು ಗಂಟೆ, ಲೆಕ್ಕ ಹಾಕಿದಳು ಅಂಚೆಯಮ್ಮ. ವ್ಯಾನು ಬಂದು ಹೋದರೆ ಮುಗಿಯಿತು. ಟೈಲರ್ ಬಾಯಿ ಬಿಡುವವನಲ್ಲ. ಈ ಹುಡುಗಿ ನಾಳೆಯೂ ತನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ಆ ವಾಚ್‌ಮನ್ ಹೆಸರು ಕೂಡ ತನಗೆ ಗೊತ್ತಿಲ್ಲ.

ಕುರ್ಚಿ ಎಳೆದುಕೊಂಡು ಕೂತಳು. ಸೆರಗಿಗೆ ಕೈ ಒರೆಸಿ ಕಡ್ಡಿ ಎತ್ತಿಕೊಂಡಳು.

"ಏನ್ಮಾಡ್ತಿದೀರಿ? ಅದು ಅಮ್ಮಂದು!"

ಅಂಚೆಯಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಹೆಣೆದಳು. ಬೆರಳುಗಳು ತಮ್ಮ ಪಾಡಿಗೆ ತಾವು ಒಂದೇ ಸಮ ನಡೆದವು. ಮಗಳು ತಡೆಯಲು ಚಾಚಿದ ಕೈಯನ್ನು ಟೈಲರ್ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನೂರ ಇಪ್ಪತ್ತು ಕುಣಿಕೆಯೂ ಮುಗಿಯಿತು.

"ಮುಟ್ಟಿ ನೋಡು," ಎಂದಳು ಅಂಚೆಯಮ್ಮ.

ಮಗಳ ಹೆಬ್ಬೆರಳು ಹೊಸ ಸಾಲಿನ ಮೇಲಿಂದ ಕೆಳಗಿಳಿಯಿತು. ವ್ಯತ್ಯಾಸ ಸಿಗಲಿಲ್ಲ. ಇನ್ನೊಂದು ಸಾಲು. ಇನ್ನೂ ಕೆಳಗೆ. ಗೇಣು, ಮೊಳ, ಎರಡು ಮೊಳ. ಶಾಲನ್ನು ಎಳೆದುಕೊಂಡು ಹುಡುಕುತ್ತಲೇ ಹೋದಳು. ಕೊನೆಯ ಅಂಚಿಗೆ ನಾಲ್ಕು ಬೆರಳಗಲ ಇರುವಾಗ ಹೆಬ್ಬೆರಳು ಬಿಗಿ ಸಾಲಿಗೆ ತಾಗಿ ನಿಂತಿತು.

"ಯಾವಾಗಿಂದ?"

"ಏಳು ತಿಂಗಳು."

"ಏಳು ತಿಂಗಳು..."

"ನಿಂಗೆ ಹೇಳಬೇಡ ಅಂತ ಅವಳೇ ಅಂದ್ಲು."

"ಅವಳು ಬೇಡ ಅಂದ್ಲು. ನೀವು ಆಯ್ತು ಅಂದ್ರಿ."

ಅಂಚೆಯಮ್ಮ ಬೈಗುಳಕ್ಕೆ ಕಾದಳು. ಹೊಡೆದರೂ ಸರಿ ಎಂದು ಕಾದಳು. ಮಗಳು ದೂರಿನ ಹಾಳೆಯನ್ನು ಮಗುಚಿಟ್ಟಳು.

"ಮಾಮ, ಹೊರಗೆ ನಿಂತಿದಾರಲ್ಲ, ಅವರನ್ನ ಒಳಗೆ ಕರೀರಿ. ಕುಡಿಯೋಕೆ ನೀರು ಕೊಡಿ ಅವರಿಗೆ."

ಟೈಲರ್ ಎದ್ದು ಹೋದ. ಮಗಳು ಶಾಲನ್ನು ತನ್ನತ್ತ ಎಳೆದುಕೊಂಡು ಕಡ್ಡಿಯನ್ನು ಸರ್ರನೆ ಕಿತ್ತಳು. ದಾರದ ತುದಿ ಹಿಡಿದು ಜಗ್ಗಿದಳು. ಒಂದು ಸಾಲು ಹೋಯಿತು. ಇನ್ನೊಂದು. ತಿಂಗಳುಗಳ ಹೆಣಿಗೆ ಮೇಜಿನ ಅಂಚಿನಿಂದ ಅಂಚೆಯಮ್ಮನ ಮಡಿಲಿಗೆ ದಾರವಾಗಿ ಬೀಳತೊಡಗಿತು. ಯಾರೂ ಹೇಳದಿದ್ದರೂ ಅವಳ ಕೈ ಅದನ್ನು ಉಂಡೆ ಸುತ್ತತೊಡಗಿತ್ತು. ಬೀದಿಯ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಮಗಳು ಕತ್ತೆತ್ತಲಿಲ್ಲ, ಬಿಗಿ ಕೈ ಸಿಗುವವರೆಗೂ ಜಗ್ಗುತ್ತಲೇ ಇದ್ದಳು. ಬಿಚ್ಚಿದ ದಾರ ನೇರವಾಗಲಿಲ್ಲ; ಒಂದೊಂದು ಕುಣಿಕೆಯ ಸೊಟ್ಟವೂ ಅದರಲ್ಲಿ ಹಾಗೇ ನಿಂತಿತ್ತು.